ಚಕ್ಕೋತದ ಪರೀಕ್ಷೆ

ಇವತ್ತು ಸಂಜೆ ದೇವನಹಳ್ಳಿ ಬಸ್ಸಿನಲ್ಲಿ ಪಕ್ಕದವರು ಚಕ್ಕೋತ ಸುಲಿದರು. ಸಿಪ್ಪೆಯ ಕಹಿ ವಾಸನೆ ಮೂಗಿಗೆ ಬಡಿದದ್ದೇ ನನ್ನ ಅಂಗೈ ತಣ್ಣಗಾಯಿತು. ಹೆದರುವುದಕ್ಕೆ ನನಗೆ ಕಾರಣ ಬೇಕೆಂದೇನಿಲ್ಲ. ಆದರೆ ಇದಕ್ಕೆ ಕಾರಣವಿದೆ.

ನಾನು ಮೊದಲು ಮೇಷ್ಟ್ರಾಗಿದ್ದ ಕುಂದಾಣದ ಕಡೆಯ ಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಡಂ ಒಬ್ಬರಿದ್ದರು, ನನಗಿಂತ ಹಿರಿಯರು. ಮಕ್ಕಳ ಜಾಗತಿಕ ಸಾಮರ್ಥ್ಯವನ್ನು, ಅಂದರೆ ಬೇರೆ ಸೀಮೆಯವರನ್ನು ಅರಿತು ಬೆರೆಯುವ ಗುಣವನ್ನು, ತರಗತಿಯಲ್ಲೇ ಅಳೆಯಬೇಕೆಂದು ಆ ವರ್ಷ ಇಲಾಖೆಯವರು ಹೇಳಿದ್ದರು. ಅದನ್ನು ನೋಡಲು ಮುಂದಿನ ವಾರ ಅಧಿಕಾರಿಯೊಬ್ಬರು ಬರುವವರಿದ್ದರು. 'ನಾವು ಎಲ್ಲ ಸಂಸ್ಕೃತಿಗಳನ್ನೂ ಗೌರವಿಸುತ್ತೇವೆ' ಎಂದು ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸಿ ಕಾದಿದ್ದೆ. ಮೇಡಂ ತಮ್ಮ ಹಿತ್ತಲಿನ ಒಂದು ಚಕ್ಕೋತ ತಂದರು, ಅಷ್ಟೇ.

ಅದನ್ನು ನಾಲ್ಕು ಮಕ್ಕಳ ನಡುವೆ ಇಟ್ಟು, ನೀವೇ ಬಿಡಿಸಿ ತಿನ್ನಿ ಎಂದು ಹೇಳಿ, ಹಿಂದಿನ ಬೆಂಚಿಗೆ ಬಂದು ನನ್ನ ಪಕ್ಕ ಕೂತರು. ನಾಲ್ವರಲ್ಲಿ ಒಬ್ಬಳು ಬಿಹಾರದ ಹುಡುಗಿ. ಅಪ್ಪ ಅಮ್ಮ ಲೇಔಟ್ ಕೆಲಸದವರು, ಅಲ್ಲೇ ಶೆಡ್ಡಿನಲ್ಲಿ ವಾಸ. ಅವಳು ಬಾಯಿ ತೆರೆದರೆ ಸಾಕು, ಹುಡುಗರು ಅಣಕಿಸುತ್ತಿದ್ದರು. ಇನ್ನೊಮ್ಮೆ ಅಳುತ್ತಾ ಮನೆಗೆ ಬಂದರೆ ಶಾಲೆ ಬಿಡಿಸಿಬಿಡುತ್ತೇನೆ ಎಂದು ಅವಳ ಅಪ್ಪ ಹಿಂದಿನ ದಿನವಷ್ಟೇ ಹೇಳಿ ಹೋಗಿದ್ದ.

ಇಂಥ ದಿನ ಇಂಥ ಪರೀಕ್ಷೆಯೇ! ಎದ್ದು ಹೋಗಿ ತಡೆಯಬೇಕೆಂದುಕೊಂಡೆ. ಮೇಡಂ ನನ್ನ ತೋಳು ಹಿಡಿದರು.

"ಕೂತ್ಕೊಳ್ಳಿ ಸಾರ್. ನೀವು ಹೇಳ್ಕೊಟ್ರೆ ಮಾರ್ಕ್ಸ್ ನಿಮಗೇ ಹಾಕ್ಬೇಕಾಗುತ್ತೆ."

ಹುಡುಗಿ ತೊಳೆಯೊಂದನ್ನು ಕೈಗೆತ್ತಿಕೊಂಡಳು, ತಿನ್ನಲಿಲ್ಲ. "ನಮಕ್" ಎಂದು ಮೆಲ್ಲಗೆ ಹೇಳಿ, ಬೆರಳಿನಿಂದ ಉದುರಿಸುವಂತೆ ತೋರಿಸಿದಳು. ಆ ನಾಲ್ವರಲ್ಲೇ ಇದ್ದ, ಎಲ್ಲರಿಗಿಂತ ಹೆಚ್ಚು ಅಣಕಿಸುವ ಹುಡುಗ ಕಿಸಕ್ಕೆಂದ. ತರಗತಿಯೇ ನಕ್ಕಿತು. ಅವಳ ಕೆಳದುಟಿ ನಡುಗಿತು... ಅಷ್ಟರಲ್ಲಿ ತಲೆಯ ಮೇಲೆ ವಿಮಾನ ಹಾದು, ಯಾವ ಮಾತೂ ಕೇಳಿಸದಂತಾಯಿತು. ಮೇಡಂ ಉಗುರು ನಾಟುವಷ್ಟು ಬಿಗಿಯಾಗಿ ನನ್ನ ತೋಳು ಹಿಡಿದಿರುವುದು ಗೊತ್ತಾದದ್ದು ಆಗಲೇ. ಇವರಿಗೂ ಭಯವೇ! ನನ್ನ ಭಯ ಇಮ್ಮಡಿಯಾಯಿತು.

ಸದ್ದು ಅಡಗಿದಾಗ ಆ ಹುಡುಗ ಅವಳ ಬೆರಳುಗಳನ್ನೇ ನೋಡುತ್ತಿದ್ದ.

"ಉಪ್ಪಾ? ಇದಕ್ಕೂ ಉಪ್ಪು ಹಾಕ್ತಾರೇನೇ? ಹೆಂಗಿರ್ತದೆ?"

ಉತ್ತರಕ್ಕೆ ಕಾಯದೆ ಬಿಸಿಯೂಟದ ಅಡುಗೆಮನೆಗೆ ಓಡಿ, ಮುಷ್ಟಿಯಲ್ಲಿ ಉಪ್ಪು ತಂದ. ತಿಂದು, "ಚೆನ್ನಾಗೈತೆ ಕಣ್ರೋ!" ಎಂದ. ಹುಡುಗಿ ನಗಲಿಲ್ಲ. ಆದರೆ ಅಳಲೂ ಇಲ್ಲ.

"ಹೆಂಗಿರ್ತದೆ ಅಂತ ಕೇಳ್ದ, ನೋಡಿದ್ರಾ?" ಎಂದು ಮೇಡಂ ಪಿಸುಗುಟ್ಟಿದರು. ಅವರು ಅಂಕ ಕೊಟ್ಟದ್ದು ಆ ಒಂದು ಪ್ರಶ್ನೆಗೆ. ಕಿಸಕ್ಕೆಂದದ್ದಕ್ಕೆ ಕಳೆದರು ಕೂಡ. ಎರಡನ್ನೂ ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು.

ಮಾರನೆಯ ಬೆಳಿಗ್ಗೆ ಗೇಟಿನ ಹತ್ತಿರ ನಾನೂ ಮೇಡಮ್ಮೂ ನಿಂತಿದ್ದೆವು, ಯಾಕೆಂದು ಒಬ್ಬರಿಗೊಬ್ಬರು ಹೇಳದೆ. ಹುಡುಗಿ ಬಂದಳು.

ಮೇಡಂ ಹೋದ ವರ್ಷ ತೀರಿಕೊಂಡರು... ನಾಳೆ ನನ್ನ ತರಗತಿಯಲ್ಲಿ ಅದೇ ಮೌಲ್ಯಮಾಪನ. ನೇಪಾಳದಿಂದ ಬಂದ ಹುಡುಗನೊಬ್ಬ ಇನ್ನೂ ಯಾರೊಂದಿಗೂ ಮಾತಾಡಿಲ್ಲ. ಬಸ್ಸಿಳಿದು ಒಂದು ಚಕ್ಕೋತ ಕೊಂಡೆ. ನಾಳೆ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಎದ್ದು ಓಡದಂತೆ ನನ್ನ ತೋಳನ್ನು ನಾನೇ ಹಿಡಿದುಕೊಳ್ಳಬೇಕು.