ಹೊಳೆಗದ್ದೆಯ ಬೀಜ

ಕೊಯ್ಲಿಗೆ ಮುಂಚೆ ಅಜ್ಜಿ ಹೊಳೆಗದ್ದೆಗೆ ಇಳಿಯುತ್ತಿದ್ದಳು. ಮಳೆಗಾಲದಲ್ಲಿ ಆ ಗದ್ದೆ ವಾರಗಟ್ಟಲೆ ನೆರೆನೀರಿನಲ್ಲಿ ಮುಳುಗಿರುತ್ತಿತ್ತು. ನೆರೆ ಇಳಿದ ಮೇಲೂ ಕೊಳೆಯದೆ ಎದ್ದು ನಿಂತ ಬುಡಗಳಿಂದ ಮಾತ್ರ ಬೀಜಕ್ಕೆ ತೆನೆ ಆರಿಸಿ ಮಡಿಲಿಗೆ ಹಾಕಿಕೊಳ್ಳುವಳು. ಅಂಚಿನ ದಪ್ಪ ತೆನೆಗೆ ನಾನು ಕೈ ಹಾಕಿದರೆ ಗದರುವಳು.

"ಅದು ಬ್ಯಾಡ ಮಾರಾಯ್ತಿ. ದಿಬ್ಬದ ಮೇಲೆ ಸುಖವಾಗಿ ಬೆಳ್ದಿದ್ದು ಅದು."

ಎಪ್ಪತ್ತರ ದಶಕದಲ್ಲಿ ತೀರ್ಥಹಳ್ಳಿ ಕಡೆಗೆಲ್ಲ ಸರ್ಕಾರದ ಗಿಡ್ಡ ತಳಿ ಬಂತು. ಮೇಲಿನ ಗದ್ದೆಗಳಿಗೆ ನಾವೂ ಹಾಕಿದೆವು. ಚೆನ್ನಾಗಿಯೇ ಬೆಳೆಯಿತು, ಸುಳ್ಳು ಯಾಕೆ ಹೇಳಲಿ. ಹೊಳೆಗದ್ದೆಗೆ ಮಾತ್ರ ಅಜ್ಜಿಯ ಕೆಂಪು ಭತ್ತವೇ ಆಗಬೇಕು. ಅದರ ಬೀಜ ಹುಲ್ಲಿನಿಂದ ಬಿಗಿದು ಕಟ್ಟಿದ ಮುಡಿಯೊಳಗೆ ಅಟ್ಟದ ಮೇಲಿರುತ್ತಿತ್ತು.

ಒಂದು ಬೇಸಿಗೆಯ ಕೊನೆಯಲ್ಲಿ ಅಜ್ಜಿ ತೀರಿಕೊಂಡಳು. ಸೂತಕದ ಮನೆಯವರು ಉಗ್ರಾಣಕ್ಕೆ ಕೈ ಹಾಕುವಂತಿಲ್ಲ. ಉತ್ತರಕ್ರಿಯೆಯ ದಿನದ ಬೊಜ್ಜದ ಊಟದ ಉಸ್ತುವಾರಿಯೆಲ್ಲ ನೆಂಟರದು, ಅಕ್ಕಪಕ್ಕದವರದು. ಅಕ್ಕಿ ಸಾಲದೆಂದು ಯಾರೋ ಅಟ್ಟ ಹತ್ತಿ ಮುಡಿ ಇಳಿಸಿ, ಮಿಲ್ಲಿಗೆ ಒಯ್ದು ಅಕ್ಕಿ ಮಾಡಿಸಿ ತಂದರು. ನಮಗಾಗಿ ಮೈಮುರಿದು ದುಡಿದವರನ್ನು ಬೈಯಲು ಬಾಯಿ ಬರುವುದಿಲ್ಲ. ಕೆಂಪಕ್ಕಿಯ ಅನ್ನ ಬಹಳ ರುಚಿ ಎಂದು ಪಂಕ್ತಿಯಲ್ಲೆಲ್ಲ ಹೊಗಳಿದರು. ಉಗ್ರಾಣದ ಅಕ್ಕಿಯೇ ಎಂದುಕೊಂಡು ನಾನೂ ಮತ್ತೆ ಬಡಿಸಿಕೊಂಡು ಉಂಡೆ.

ಮಳೆ ಹಿಡಿಯುವ ಹೊತ್ತಿಗೆ ಅಪ್ಪಯ್ಯ ಬೀಜಕ್ಕೆಂದು ಅಟ್ಟ ಹತ್ತಿದರು.

"ಮುಡಿ ಎಲ್ಲಿ?" ಎಂದು ಇಳಿದು ಬಂದು ಕೇಳಿದರು. ಬೊಜ್ಜಕ್ಕೆ ಮಿಲ್ಲಿಗೆ ಹೋದ ಭತ್ತ ಯಾವುದೆಂದು ಅಮ್ಮನಿಗೆ ಆಗ ಹೊಳೆಯಿತು.

ಅಜ್ಜಿ ಕೇಳಿದವರಿಗೆಲ್ಲ ಬೀಜ ಕೊಟ್ಟವಳು, ಎಲ್ಲಾದರೂ ಸಿಕ್ಕೀತು ಎಂದು ಅಪ್ಪಯ್ಯ ಹೊಸನಗರದ ನೆಂಟರ ಮನೆಗಳಿಗೆಲ್ಲ ಹೋದರು. ಕೊನೆಗೆ ಮೇಳಿಗೆಗೆ, ತಮ್ಮ ತಂಗಿಯ ಮನೆಗೆ ಹೋದರು. ಮದುವೆಯಾದ ವರ್ಷ ಅಜ್ಜಿ ಅವಳಿಗೂ ಬೀಜ ಕೊಟ್ಟು ಕಳಿಸಿದ್ದಳು.

"ಈಗ ಅದನ್ಯಾರು ಹಾಕ್ತಾರೆ ಭಾವ? ನಾವು ಬಿಟ್ಟೇ ಎಷ್ಟೋ ವರ್ಷ ಆಯ್ತು" ಎಂದರಂತೆ ತಂಗಿಯ ಗಂಡ.

ಆ ವರ್ಷ ಹೊಳೆಗದ್ದೆಗೂ ಗಿಡ್ಡ ತಳಿಯನ್ನೇ ನೆಟ್ಟೆವು. ನೆರೆಯಲ್ಲಿ ಕೊಳೆತು ನಾತ ಬಂತು. ಆಮೇಲೆ ಗದ್ದೆ ಪಾಳು ಬಿತ್ತು.

ಎಂಬತ್ತರ ದಶಕದ ಕೊನೆಗೆ ಕೃಷಿ ಓದಿದ ಒಬ್ಬರು ನಮ್ಮ ಜಗಲಿಯಲ್ಲಿ ಕೂತು, ಇನ್ನು ಮುಂದೆ ಒಂದು ಗಿಡದ ಗುಣವನ್ನು ಲ್ಯಾಬಿನಲ್ಲೇ ತೆಗೆದು ಇನ್ನೊಂದಕ್ಕೆ ಸೇರಿಸಬಹುದು ಎಂದು ವಿವರಿಸಿದರು. ಅಪ್ಪಯ್ಯ ಗಮನವಿಟ್ಟು ಕೇಳಿದರು.

"ನೆರೇಲಿ ಬದುಕೋ ಗುಣಾನೂ ಸೇರಿಸ್ತೀರಾ?"

"ಮುಂದೆ ಆಗ್ಬಹುದು. ಆದ್ರೆ ಆ ಗುಣ ಇರೋ ಭತ್ತ ಮೊದ್ಲು ಸಿಗ್ಬೇಕಲ್ಲ."



"ನಮ್ಮನೇಲಿ ಇತ್ತು" ಎಂದರು ಅಪ್ಪಯ್ಯ. "ನಮ್ಮಮ್ಮನ ಬೊಜ್ಜಕ್ಕೆ ಅನ್ನ ಮಾಡಿ ಬಡಿಸಿಬಿಟ್ವಿ."