ಕಿರುನಾಲಿಗೆ ಬಿದ್ದಿದೆ ಎಂದು ತೀರ್ಪಾಯಿತು

ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ವೈದ್ಯ ಗೊತ್ತಿಲ್ಲದವರು ಯಾರೂ ಇಲ್ಲ. ವೈದ್ಯ ಓದಿದವರೂ ಯಾರೂ ಇಲ್ಲ. ಈ ಮಹಾಸಭೆಗೆ ವಯಸ್ಸಿನ ಬಲದಿಂದ ನಾನೇ ಅಧ್ಯಕ್ಷ.

ನನ್ನ ಒಂದೂವರೆ ವರ್ಷದ ಮೊಮ್ಮಗಳಿಗೆ ನ್ಯುಮೋನಿಯಾ ಆಗಿ, ಮೈಸೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಗಂಟಲಿಗೆ ಕೊಳವೆ ಇಳಿಸಿ ಯಂತ್ರದಿಂದ ಉಸಿರಾಡಿಸಿದರು. ಮಗು ಉಳಿದು ಮನೆಗೆ ಬಂತು. ದನಿ ಮಾತ್ರ ಒಡೆದುಹೋಗಿತ್ತು. ಮೂರನೆಯ ವಾರಕ್ಕೆ, ಉಸಿರು ಒಳಗೆಳೆದಾಗಲೆಲ್ಲ ಗರಗಸ ಎಳೆದಂಥ ಸದ್ದು ಶುರುವಾಯಿತು. ಕತ್ತಿನ ಬುಡ ಗುಳಿ ಬೀಳುತ್ತಿತ್ತು.

ಸಭೆ ನಮ್ಮ ಜಗಲಿಯ ಮೇಲೆ ಸೇರಿತು. ಎದುರುಮನೆಯ ನೇಕಾರ ಮಗ್ಗ ನಿಲ್ಲಿಸಿ ಬಂದ. ರೇಷ್ಮೆ ಸೀರೆ ಕಾಯಬಹುದು, ಪರರ ಮಗುವಿನ ಬಗ್ಗೆ ಅಭಿಪ್ರಾಯ ಕಾಯುವಂಥದ್ದಲ್ಲ.

"ದೃಷ್ಟಿ ಆಗದೆ ಕಣಣ್ಣ. ಒಣಮೆಣಸಿನಕಾಯಿ ನಿವಾಳ್ಸಿ ಕೆಂಡಕ್ಕಾಕಿ, ಸದ್ದು ಓಯ್ತದೆ," ಎಂದ.

ಉಸಿರು ಸಿಗದ ಮಗುವಿಗೆ ಮೆಣಸಿನಕಾಯಿ ಹೊಗೆ. ಈ ಸಲಹೆಯನ್ನು ನಾನು ಗಂಭೀರವಾಗಿ ಪರಿಶೀಲಿಸಿ ಮುಂದೂಡಿದೆ. ತಿರಸ್ಕರಿಸಲಿಲ್ಲ, ಅಧ್ಯಕ್ಷರಾದವರು ಯಾವುದನ್ನೂ ತಿರಸ್ಕರಿಸಬಾರದು. ಆಮೇಲೆ ನನ್ನ ತೀರ್ಪು ಕೊಟ್ಟೆ: ಕಿರುನಾಲಿಗೆ ಬಿದ್ದಿದೆ. ಬೆರಳಿಗೆ ಉಪ್ಪು, ಕಾಳುಮೆಣಸಿನ ಪುಡಿ ಹಚ್ಚಿ, ಬಾಯೊಳಗೆ ತೂರಿಸಿ, ಅದನ್ನು ಮೇಲಕ್ಕೆ ಒತ್ತುವುದು ನಮ್ಮ ಕಡೆಯ ವಾಡಿಕೆ. ಯಳಂದೂರಿನಲ್ಲಿರುವ ನನ್ನ ಅಕ್ಕ ಈ ಕೆಲಸಕ್ಕೆ ಹೆಸರಾದವಳು. ಫೋನ್ ಮಾಡಿದೆ. ಮುಂದಿನ ಬಸ್ಸಿಗೇ ಪುಡಿಯ ಪೊಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

"ಮಗೀನ ಬಾಯಿ ಬುಡ್ಸಿ ಇಡ್ಕವ್ವ, ಒಂದ್ ಗಳಿಗೆ ಅಷ್ಟೆಯ."

ಹನೂರು ಕಡೆಯ ಬಂಡಳ್ಳಿಯಿಂದ ಬಂದ ನನ್ನ ಸೊಸೆ ಬಾಯಿಲ್ಲದವಳು ಎಂದು ನಾನು ನಂಬಿದ್ದೆ. ಅವಳು ಮಗುವಿನ ಮುಖವನ್ನು ಹೆಗಲಿಗೆ ಒತ್ತಿಕೊಂಡಳು.

"ಬ್ಯಾಡಿ ದೊಡ್ಡತ್ತೆ."

"ನಿನ್ ಗಂಡುಂಗೂ ನಾನೇ ಎತ್ತಿದ್ದು ಕಣವ್ವ. ಅವ್ನೇನ್ ಮೂಗ್ನಾದ್ನಾ?"

"ಅವ್ರಿಗೆ ಪೈಪ್ ಆಕಿರ್ಲಿಲ್ಲ ದೊಡ್ಡತ್ತೆ."

"ಅನೂರ್ ಕಡೆಯೋರ್ಗೆ ಇದೆಲ್ಲ ಎಲ್ಲಿ ಗೊತ್ತಾದದು," ಎಂದು ಅಕ್ಕ ನನ್ನ ಕಡೆ ತಿರುಗಿದಳು. ಅಷ್ಟರಲ್ಲಿ ಸೊಸೆ ಆಸ್ಪತ್ರೆಯವರು ಕೊಟ್ಟು ಕಳಿಸಿದ್ದ ಕಾಗದ ತಂದು ನನ್ನ ಕೈಗಿಟ್ಟಳು.

"ಮಾವ, ಪೇಪರ್ನಲ್ಲಿ ಟೆಂಡರ್ ನೋಟೀಸ್ನೂ ಬುಡದೆ ಓದ್ತೀರಿ. ಇದ್ರ ಎರಡ್ನೇ ಪುಟನೂ ಒಸಿ ಓದಿ."

ಓದಿದೆ. ಉಸಿರು ಎಳೆಯುವಾಗ ಸದ್ದು ಬಂದರೆ ಕೂಡಲೇ ಕರೆತನ್ನಿ ಎಂದು ಅಚ್ಚ ಕನ್ನಡದಲ್ಲಿತ್ತು. ಆ ಕಾಗದ ಮನೆಗೆ ಬಂದು ಮೂರು ವಾರವಾಗಿತ್ತು. ಅಷ್ಟರಲ್ಲಿ ಒಂದು ಕಾರು ಬೀದಿಗೆ ಬಂದೇಬಿಟ್ಟಿತು. ನಾನು ಅಕ್ಕನಿಗೆ ಫೋನ್ ಮಾಡುತ್ತಿದ್ದಾಗ ಸೊಸೆ ತನ್ನ ಗಂಡನಿಗೆ ಮಾಡಿ ಕಾರು ತರಿಸಿದ್ದಳು.

ಮೈಸೂರಿನಲ್ಲಿ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿದರು. ಕೊಳವೆ ಉಜ್ಜಿ ಧ್ವನಿಪೆಟ್ಟಿಗೆಯ ಕೆಳಗೆ ಗಾಯವಾಗಿದೆ. ಅದು ಮಾಯುವಾಗ ದಪ್ಪಗಾಗಿ ಉಸಿರಿನ ದಾರಿ ಕಿರಿದಾಗಿದೆ. ಕೊಳವೆ ಹಾಕದಿದ್ದರೆ ಮಗು ಉಳಿಯುತ್ತಿರಲಿಲ್ಲ, ಅದೂ ನಿಜ ಎಂದರು.

"ನಮ್ಮ ಕಡೆ ಕೆಲವರು ಬೆರಳು ಹಾಕಿ ಕಿರುನಾಲಿಗೆ ಎತ್ತುತ್ತಾರೆ ಸಾ," ಎಂದೆ, ಲೋಕವಾರ್ತೆ ಹೇಳುವವನಂತೆ.

"ಮಗು ಹೆದರಿ ಅತ್ತು, ಒಳಗೆ ಇನ್ನಷ್ಟು ಊದಿದ್ದರೆ ನಿಮ್ಮ ಮನೆಯಲ್ಲೇ ಉಸಿರು ನಿಲ್ಲುತ್ತಿತ್ತು," ಎಂದರು. ನಾನು ‘ಕೆಲವರು’ ಎಂದಷ್ಟೇ ಹೇಳಿದ್ದೆ.

ಬಲೂನು ಹಾಕಿ ಎರಡು ಸಲ ದಾರಿ ಹಿಗ್ಗಿಸಿದರು. ಸದ್ದು ಹೋಯಿತು. ದನಿ ಇನ್ನೂ ಒರಟು; ಈಗ ಮಗು ನನ್ನನ್ನು ಕೂಗಿದರೆ ಹಳೆಯ ಅಮಲ್ದಾರರು ಕೂಗಿದಂತಿರುತ್ತದೆ. ಮಹಾಸಭೆ ಮತ್ತೆ ಸೇರಿ, "ಗಂಟಲ್ದೇ ತೊಂದ್ರೆ ಅಂತ ನಾವೇ ಮೊದ್ಲು ಏಳಿದ್ದು," ಎಂದು ಒಮ್ಮತದಿಂದ ನಿರ್ಣಯಿಸಿತು. ನಾನು ರುಜು ಹಾಕಲಿಲ್ಲ.

ಉಸಿರಿನ ದಾರಿ ಮತ್ತೆ ಕಿರಿದಾಗಬಹುದಂತೆ. ಸೊಸೆ ತರಕಾರಿಗೆ ಹೋಗುವಾಗ ಮಗುವನ್ನು ನನ್ನ ಬಳಿ ಮಲಗಿಸುತ್ತಾಳೆ.

"ಉಸ್ರು ಕೇಳ್ತಾ ಇರಿ ಮಾವ. ಸದ್ದು ಬಂದ್ರೆ ನಂಗೆ ಫೋನ್ ಮಾಡಿ. ಇನ್ಯಾರ್ಗೂ ಮಾಡ್ಬ್ಯಾಡಿ."

ಬೀದಿಯ ಮಗ್ಗಗಳ ಸದ್ದು ಅಡ್ಡ ಬಾರದಿರಲೆಂದು ಕಿಟಕಿ ಮುಚ್ಚಿ, ಕಿವಿಯನ್ನು ಮಗುವಿನ ಬಾಯಿಯ ಹತ್ತಿರ ಇಟ್ಟು, ಹೇಳಿದಷ್ಟು ಮಾಡುತ್ತೇನೆ.