ತಲೆ ಕೂಡಿಸದೆ ಮುಗಿದ ಸಿನಿಮಾ

ಕಳೆದ ಬೇಸಿಗೆಯಲ್ಲಿ ವಿಜಯಪುರದ ಸೊಲ್ಲಾಪುರ ರಸ್ತೆಯ ಒಂದು ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಕುಳಿತಿದ್ದ ವೃದ್ಧರು ಬೆನ್ನು ಉಬ್ಬಿದ ಹಳೆಯ ಟಿ.ವಿ.ಯೊಂದನ್ನು ಬಿಚ್ಚಿ, ಒರೆಸಿ, ಪುನಃ ಜೋಡಿಸಿ ಕರೆಂಟು ಕೊಟ್ಟರು. ಪರದೆಯ ಮೇಲೆ ಚಿತ್ರವೇನೂ ಮೂಡಲಿಲ್ಲ. ಆದರೆ ಯಂತ್ರ ಬಿಸಿಯಾದಂತೆ ಅದರ ಹಿಂಬದಿಯ ಸೀಳುಗಳಿಂದ ಕಾದ ಧೂಳಿನ ವಾಸನೆ ಮೆಲ್ಲಗೆ ಹೊರಬಂದಿತು. ಅದನ್ನು ಯಾವ ಪದದಿಂದ ಹೇಳಬೇಕೋ ನನಗೆ ಇಂದಿಗೂ ಸರಿಯಾಗಿ ತಿಳಿಯದು. ಬಿಸಿಲಿಗೆ ಹಾಕಿದ ಕಂಬಳಿಯ ವಾಸನೆಯೂ ಹೌದು, ಒಲೆಯ ಪಕ್ಕದ ಮಣ್ಣಿನ ಗೋಡೆಯ ವಾಸನೆಯೂ ಹೌದು. ಅಂಥ ಟಿ.ವಿ.ಯ ಮುಂದೆ ಚಾಪೆ ಹಾಸಿಕೊಂಡು ಕುಳಿತವರು ನೀವಾಗಿದ್ದರೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಬಂದ ಕೆಲಸ ಮರೆತುಹೋಯಿತು. ಲಾರಿಗಳ ಸದ್ದು ದೂರ ಸರಿದು, ತಿಕೋಟಾದ ನಮ್ಮ ಮಾಳಿಗೆ ಮನೆಯ ಪಡಸಾಲೆ ಕಣ್ಣ ಮುಂದೆ ತೆರೆದುಕೊಂಡಿತು.

ಆ ಮನೆ ಈಗ ಇಲ್ಲ. ಅದರ ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರೊಳಗಿನಿಂದ ಇಳಿದ ಬಿಸಿಲಿನ ಕೋಲು ಬೆಳಗಿನಲ್ಲಿ ದೇವರ ಮಾಡದ ಬಳಿ ನಿಂತು, ಮಧ್ಯಾಹ್ನಕ್ಕೆ ಪಡಸಾಲೆ ದಾಟಿ, ಸಂಜೆಗೆ ಜೋಳ ತುಂಬುವ ನೆಲದೊಳಗಿನ ಹಗೇವಿನ ಬಾಯಿಯ ಮೇಲಿನ ಕಲ್ಲನ್ನು ಮುಟ್ಟಿ ಆರುತ್ತಿತ್ತು. ನನ್ನ ತಂದೆತಾಯಿ ಕಳ್ಳಕವಟಗಿಯ ಕಡೆಯ ದ್ರಾಕ್ಷಿ ತೋಟಗಳಿಗೆ ಹೊತ್ತು ಮೂಡುವ ಮೊದಲೇ ಕೂಲಿಗೆ ಹೋಗುತ್ತಿದ್ದರು. ಹೀಗಾಗಿ ನನ್ನ ಹಗಲುಗಳೆಲ್ಲ ಉಳಿದ ಮೂವರಿಗೆ ಸೇರಿದ್ದವು. ಮೊದಲನೆಯವಳು ಆಯಿ, ಅಂದರೆ ನನ್ನ ತಂದೆಯ ತಾಯಿ. ಎರಡನೆಯವನು ಸಿದ್ದು ಕಾಕಾ, ತಂದೆಯ ತಮ್ಮ. ಸೊಲ್ಲಾಪುರ ರಸ್ತೆಯ ಗ್ಯಾರೇಜೊಂದರಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ, ರಜೆಯ ದಿನ ಮಾತ್ರ ಮನೆಯಲ್ಲಿರುತ್ತಿದ್ದ. ಮೂರನೆಯವಳು ಕಸ್ತೂರಿ ಅತ್ತಿ, ತಂದೆಯ ಕೊನೆಯ ತಂಗಿ. ಆಗಷ್ಟೇ ಹತ್ತನೆಯ ತರಗತಿ ಮುಗಿಸಿದ್ದಳು. ನನಗೆ ಅಕ್ಷರ ತಿದ್ದಿಸಿದವಳು ಅವಳೇ. ಈ ಬರಹದ ಒಂದೊಂದು ಅಕ್ಷರದಲ್ಲಿಯೂ ಅವಳ ಕೈಯಿದೆ.

ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ ಅವಳಿಗೆ ದೀರ್ಘವಾದ ಜ್ವರ ಬಂದಿತ್ತು. ಹಾಸಿಗೆ ಹಿಡಿದವಳ ತಲೆಗೆ ಯಾರೂ ಹಣಿಗೆ ಹಾಕಿ ಬಾಚಲಿಲ್ಲ. ಜ್ವರ ಬಿಟ್ಟಾಗ ಕೂದಲು ಹೆಡೆಯಷ್ಟು ದಪ್ಪವಾಗಿ ಗಂಟುಗಟ್ಟಿ ಒಂದೇ ಹುರಿಯಾಗಿತ್ತು. ನಮ್ಮ ಕಡೆ ಹೀಗಾದಾಗ ಕೂದಲು ಗಂಟಾಯಿತು ಎನ್ನುವುದಿಲ್ಲ, 'ಜಡಿ ಬಂತು' ಎನ್ನುತ್ತಾರೆ. ಆ 'ಬಂತು' ಎಂಬ ಕ್ರಿಯಾಪದದಲ್ಲಿಯೇ ಎಲ್ಲವೂ ಅಡಗಿದೆ. ಬಂದದ್ದು ಕೂದಲಲ್ಲ, ಯಲ್ಲವ್ವ ತಾಯಿ. ಬಂದವಳನ್ನು ಕತ್ತರಿಸುವಂತಿಲ್ಲ. ಊರಿಗೆ ಬಂದ ಜೋಗವ್ವ ತಲೆಯ ಮೇಲಿನ ಬುಟ್ಟಿ ಇಳಿಸಿ, ಅತ್ತಿಯ ಜಡೆಗೆ ಭಂಡಾರದ ಅರಿಶಿನ ಹಚ್ಚಿ, "ತಾಯಿ ತನ್ನ ಮಗಳನ್ನ ಆರಿಸ್ಯಾಳವ್ವ, ಭಾರತ ಹುಣ್ಣಿವಿಗೆ ಗುಡ್ಡಕ್ಕ ಕರಕೊಂಡು ಬರ್ರಿ" ಎಂದು ಹೇಳಿ ಹೋಗಿದ್ದಳು. ಯಲ್ಲವ್ವನ ಗುಡ್ಡಕ್ಕೆ ಹೋದರೆ ದೇವರಿಗೆ ಬಿಟ್ಟ ಗುರುತಾಗಿ ಕೊರಳಿಗೆ ಮುತ್ತು ಕಟ್ಟುತ್ತಾರೆ; ಆಮೇಲೆ ಆ ಹುಡುಗಿಗೆ ಮದುವೆಯಿಲ್ಲ, ಓದಿಲ್ಲ, ತನ್ನದೆಂಬ ಮನೆಯಿಲ್ಲ. ಕಾನೂನು ಅದನ್ನು ಎಂದೋ ನಿಷೇಧಿಸಿತ್ತು. ಆದರೆ ಭಯಕ್ಕೆ ಕಾನೂನು ತಿಳಿಯುವುದಿಲ್ಲ. ಆಯಿ ಕೈಮುಗಿದು ಒಪ್ಪಿಕೊಂಡಿದ್ದಳು. ಅತ್ತಿ ಒಂದೇ ಒಂದು ಬಾರಿ, "ಜ್ವರದಾಗ ಹಣಗಿ ಹಾಕಲಿಲ್ಲ, ಅದಕ್ಕ ಹಿಂಗಾಗೇತಿ ಬೇ" ಎಂದಳು. "ಹಂಗ ಅನಬ್ಯಾಡ, ತಾಯಿ ಕೇಳಸ್ಕೋತಾಳ" ಎಂದು ಆಯಿ ಅವಳ ಬಾಯಿಗೆ ಅಂಗೈ ಒತ್ತಿದ್ದಳು. ಆ ಚಳಿಗಾಲವೆಲ್ಲ ಮನೆಯಲ್ಲಿ ಎಲ್ಲರೂ ಮೆಲುದನಿಯಲ್ಲಿಯೇ ಮಾತನಾಡಿದಂತೆ ನನ್ನ ನೆನಪು.

ಹುಣ್ಣಿಮೆ ಇನ್ನೂ ಸ್ವಲ್ಪ ದೂರವಿರುವಾಗ, ಒಂದು ರವಿವಾರ, ಸಿದ್ದು ಕಾಕಾ ಗೋಣಿಚೀಲದಲ್ಲಿ ಒಂದು ಡಿವಿಡಿ ಪ್ಲೇಯರ್ ಸುತ್ತಿಕೊಂಡು ಬಂದ. ಮಾಲೀಕರ ಮನೆಯಲ್ಲಿ ಹೊಸದು ಬಂದಿದ್ದರಿಂದ ಹಳೆಯದನ್ನು ಇವನಿಗೆ ಕೊಟ್ಟಿದ್ದರು. ಅದರ ಹೊಟ್ಟೆಯೊಳಗೆ ಯಾರೋ ತೆಗೆಯಲು ಮರೆತ ಒಂದು ಸಿನಿಮಾ ಇತ್ತು. ಮೇಲಿನ ಹೊದಿಕೆ ಇಲ್ಲದ ಕಾರಣ ಅದರ ಹೆಸರು ನಮಗೆ ಕೊನೆಯವರೆಗೂ ತಿಳಿಯಲಿಲ್ಲ. ಪರದೇಶದ ಚಿತ್ರ, ಹಿಂದಿಯಲ್ಲಿ ಮಾತನಾಡುತ್ತಿತ್ತು. ಮನೆಯಲ್ಲಿ ಹಿಂದಿ ಬಲ್ಲವನು ಕಾಕಾ ಒಬ್ಬನೇ. ಅದೂ ಗ್ಯಾರೇಜಿನ ಹಿಂದಿ. ಬೆಳಕಿಂಡಿಗೆ ತಗಡು ಸರಿಸಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ನಡುಮಧ್ಯಾಹ್ನದಲ್ಲಿ ನಾವು ಕತ್ತಲೆ ಮಾಡಿಕೊಂಡೆವು. ತಗಡಿನ ಒಂದು ರಂಧ್ರದಿಂದ ಸೂಜಿಯಂಥ ಬೆಳಕು ಇಳಿಯುತ್ತಿತ್ತು. ಆಮೇಲೆ ಪರದೆಯ ನೀಲಿ ಬಣ್ಣ ಎಲ್ಲರ ಮುಖಗಳ ಮೇಲೆ ಹರಿದು, ನಾವು ನಾಲ್ವರೂ ಬಾವಿಯ ತಳದಲ್ಲಿ ಕುಳಿತವರಂತೆ ಕಂಡೆವು.

ಏನೆಲ್ಲ ಇತ್ತು ಆ ಚಿತ್ರದಲ್ಲಿ! ಮೋಡಗಳ ಮೇಲೆ ಬಿಳಿಯ ಕಲ್ಲಿನ ಅರಮನೆ, ಅಲ್ಲಿ ಗಡ್ಡದ ದೇವರು. ಕೆಳಗೆ ಸಮುದ್ರ ತೀರದಲ್ಲಿ ತಾನು ದೇವರ ಮಗನೆಂಬುದನ್ನು ಅರಿಯದ ಯುವಕ. ಕಪ್ಪು ಬಂಡೆಗಳ ನಡುವಿನಿಂದ ರೆಕ್ಕೆ ಬಿಚ್ಚಿ ಏಳುವ ಕುದುರೆ. ಕಾಕಾ ಪ್ರತಿಯೊಂದನ್ನೂ ನಮಗೆ ತಿಳಿಸಿ ಹೇಳುತ್ತಿದ್ದ.

"ಈಂವ ದ್ಯಾವ್ರ ಮಗಾ. ಅಪ್ಪನ ಮ್ಯಾಲ ಸಿಟ್ಟ ಮಾಡ್ಕೊಂಡಾನ."

"ಯಾಕ?" ಎಂದಳು ಆಯಿ.

"ಅಪ್ಪ ಅಂದ ಮ್ಯಾಲ ಸಿಟ್ಟ ಬರ್ತೈತಿ ಬೇ, ಯಾಕಂತ ಕೇಳ್ತಿ."

"ಆ ಕುದುರಿ ಮೇವ ಏನ ತಿಂತೈತಿ?"

"ಪೆಟ್ರೋಲ್! ರೆಕ್ಕಿ ಮುರದ್ರ ನಮ್ಮ ಗ್ಯಾರೇಜಿಗೆ ತರಲಿ, ವೆಲ್ಡಿಂಗ್ ಮಾಡಿ ಕೊಡ್ತೇನಿ."

ಅತ್ತಿ ನಕ್ಕಳು. ಜಡೆ ಬಂದ ಮೇಲೆ ಅವಳು ಬಾಯಿ ತೆರೆದು ನಕ್ಕದ್ದನ್ನು ನಾನು ಅಂದೇ ಮೊದಲು ಕಂಡೆ.

ಅನಂತರ ಪಾಳುಬಿದ್ದ ಒಂದು ಗುಡಿ ಬಂತು. ಸಾಲುಸಾಲು ಕಂಬಗಳು, ಕಂಬಗಳ ನಡುವೆ ಕಲ್ಲಾದ ಸೈನಿಕರು. ಅವರ ನಡುವಿನಿಂದ ಒಬ್ಬ ಹೆಂಗಸು ಮೆಲ್ಲನೆ ಹೊರಬಂದಳು. ಅವಳ ತಲೆಯ ಮೇಲೆ ಕೂದಲಿರಲಿಲ್ಲ, ಹಾವುಗಳಿದ್ದವು. ದಪ್ಪ ಹುರಿಗಳಂತೆ ಭುಜದ ಮೇಲೆ ಬಿದ್ದು, ಎದ್ದು, ಹೆಡೆಯಾಡಿಸುತ್ತಿದ್ದವು. ನಾನು ಅತ್ತಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆಯಿಯ ಕಡೆಯಿಂದ ಬಳೆಗಳ ಸದ್ದು ಕೇಳಿತು. ಎದ್ದು ನಿಂತಿದ್ದಳು. ಮಾಡದಿಂದ ಭಂಡಾರದ ಬಟ್ಟಲು ತಂದು, ಟಿ.ವಿ.ಯ ಗಾಜಿಗೆ ಹಚ್ಚಿ, "ಉಧೋ ತಾಯಿ, ಉಧೋ" ಎಂದು ಸಾಷ್ಟಾಂಗ ಬಿದ್ದಳು. ಹಳದಿಯ ಹಿಂದೆ ಹಾವುಗಳು ಆಡುತ್ತಲೇ ಇದ್ದವು.

"ಆಕಿ ರಾಕ್ಷಸಿ ಬೇ," ಎಂದ ಕಾಕಾ. "ಆಕೀನ ನೋಡಿದವ್ರು ಕಲ್ಲಾಗ್ತಾರ."

"ನಿಂಗೇನ ತಿಳೀತೈತಿ ಮೂಳಾ! ಜಡಿ ನೋಡಲ್ಲಿ. ಆಕಿ ಯಲ್ಲವ್ವ. ಬರಾಕತ್ತಾನ ನೋಡ್, ಆಂವ ಪರಶುರಾಮ."

ನಮ್ಮ ಮನೆಯಲ್ಲಿ ಆ ಕಥೆ ಎಲ್ಲರಿಗೂ ಬಾಯಿಪಾಠವಾಗಿತ್ತು. ತಂದೆಯ ಆಜ್ಞೆಯಂತೆ ಮಗ ಪರಶುರಾಮ ತಾಯಿ ಯಲ್ಲವ್ವನ ತಲೆ ಕಡಿಯುತ್ತಾನೆ. ತಂದೆ ಮೆಚ್ಚಿ ವರ ಕೇಳು ಎಂದಾಗ ತಾಯಿಯನ್ನೇ ಮರಳಿ ಬೇಡುತ್ತಾನೆ. ತಲೆ ಪುನಃ ದೇಹಕ್ಕೆ ಕೂಡುತ್ತದೆ. ಆಯಿ ಅದನ್ನು ಹೇಳುವಾಗಲೆಲ್ಲ ತಲೆ ಕೂಡುವ ಘಟ್ಟಕ್ಕೆ ಬಂದು ತನ್ನ ಕತ್ತನ್ನು ಎರಡೂ ಕೈಗಳಿಂದ ಸವರಿಕೊಳ್ಳುತ್ತಿದ್ದಳು. ಹೀಗಾಗಿ ಯುವಕ ಕನ್ನಡಿಯಂತೆ ಹೊಳೆಯುವ ಢಾಲಿನಲ್ಲಿ ಅವಳ ಪ್ರತಿಬಿಂಬ ನೋಡುತ್ತ, ಹಿಂದಕ್ಕೆ ಹೆಜ್ಜೆ ಇಡುತ್ತ ಬಂದು ಕತ್ತಿ ಬೀಸಿದಾಗ ಆಯಿ ಹೆದರಲಿಲ್ಲ. ತಲೆ ಉರುಳಿತು. ಅವಳು ಮುಂದಕ್ಕೆ ಸರಿದು ಕುಳಿತು ಶಾಂತವಾಗಿ ಹೇಳಿದಳು: "ಈಗ ಕೂಡಸ್ತಾನ ನೋಡ್ರಿ."

ಆದರೆ ಅವನು ತಲೆಯನ್ನು ಒಂದು ಚೀಲದಲ್ಲಿ ಹಾಕಿಕೊಂಡ. ಕುದುರೆಯೇರಿ ಹಾರಿದ. ಸಮುದ್ರದಿಂದ ಗುಡ್ಡದಂಥ ಪ್ರಾಣಿಯೊಂದು ಎದ್ದಾಗ ಚೀಲದಿಂದ ಆ ತಲೆಯನ್ನು ಎತ್ತಿ ಹಿಡಿದ. ಸತ್ತ ಕಣ್ಣುಗಳು ತೆರೆದವು, ಪ್ರಾಣಿ ಕಲ್ಲಾಗಿ ಒಡೆದು ನೀರಿಗೆ ಬಿತ್ತು, ಬಂಡೆಗೆ ಕಟ್ಟಿದ್ದ ರಾಜಕುಮಾರಿ ಬದುಕಿದಳು. ಕಾಕಾ ಚಪ್ಪಾಳೆ ತಟ್ಟಿದ. ಆಯಿ ಮಾತ್ರ, "ಈಗ ಕೂಡಸ್ತಾನ, ಈಗ" ಎನ್ನುತ್ತಲೇ ಇದ್ದಳು. ಕೆಲಸ ಮುಗಿದ ಮೇಲೆ ಅವನು ತಲೆಯನ್ನು ಸಮುದ್ರಕ್ಕೆ ಎಸೆದ. ಪರದೆ ಕಪ್ಪಾಗಿ ಬಿಳಿಯ ಹೆಸರುಗಳು ಮೇಲೇರತೊಡಗಿದವು.

"ಮತ್ತೊಮ್ಮೆ ಹಚ್ಚ ಲೇ ಸಿದ್ದ್ಯಾ. ಎಲ್ಲೋ ಹರದೈತಿ."

"ಹರದಿಲ್ಲ ಬೇ. ಕಥಿನ ಅಷ್ಟು."

"ತಾಯಿ ತಲಿ ಕೂಡಸ್ದ ಬಿಡ್ತಾರೇನ ಎಲ್ಯರ?"

ಕಾಕಾ ಕೊನೆಯ ಭಾಗವನ್ನು ಮತ್ತೆ ಹಾಕಿದ. ತಲೆ ಮತ್ತೆ ಚೀಲಕ್ಕೆ ಹೋಯಿತು, ಮತ್ತೆ ಸಮುದ್ರಕ್ಕೆ ಬಿತ್ತು. ಆಗ ಅತ್ತಿ, ಯಾರನ್ನೂ ನೋಡದೆ, ಪರದೆಯನ್ನೇ ನೋಡುತ್ತ ಕೇಳಿದಳು:

"ಆಕಿ ಹಾವ ಅಷ್ಟ ಕತ್ತರಿಸಿದ್ರ ಆಗ್ತಿರಲಿಲ್ಲೇನ? ತಲಿ ಯಾಕ ಬೇಕಿತ್ತ ಅವರಿಗೆ?"

ಇಂದಿಗೂ ಆ ಪ್ರಶ್ನೆಗಿಂತ ಸರಳವಾದ ವಾಕ್ಯವನ್ನು ನಾನು ಕೇಳಿಲ್ಲ, ಓದಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ಗ್ರೀಕ್ ಪುರಾಣಗಳ ಪುಸ್ತಕವೊಂದು ಕೈಗೆ ಸಿಕ್ಕಾಗ ಆ ಹೆಂಗಸಿನ ಕಥೆಯನ್ನು ನಿಂತಲ್ಲಿಯೇ ಓದಿ ಮುಗಿಸಿದ್ದೆ. ಅವಳೂ ಮೊದಲು ಒಬ್ಬ ಹುಡುಗಿಯಾಗಿದ್ದಳು. ಗುಡಿಯಲ್ಲಿ ಅವಳಿಗೆ ಅನ್ಯಾಯವಾಗಿತ್ತು. ಶಿಕ್ಷೆಯಾದದ್ದು ಅವಳ ಕೂದಲಿಗೇ. ನಮ್ಮ ಅತ್ತಿಯ ಕಿವಿಗೆ ಇದನ್ನು ಯಾರೂ ಹಾಕಿರಲಿಲ್ಲ.

ಆಯಿ ಆ ಸಂಜೆ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು ಘೋಣಸಗಿಯ ದಾರಿಯಲ್ಲಿ ನಡೆದಳು. ಅಲ್ಲಿ ಕೊಯ್ಲಾದ ಹೊಲದಲ್ಲಿ ಕುರಿಗಾರರು ಹಿಂಡು ತರುಬಿದ್ದರು. ಎಳೆಬಿಸಿಲಿನಲ್ಲಿ ಕುರಿಗಳ ಬೆನ್ನಿನಿಂದ ಹಬೆ ಏಳುತ್ತಿತ್ತು. ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ಬೇಕೆಂದು ಆಯಿ ಕೇಳಿದಾಗ ಹಿರಿಯ ಕುರಿಗಾರ ಕಣ್ಣು ಕಿರಿದು ಮಾಡಿ ನಕ್ಕ.

"ನಿಮ್ಮ ಮನ್ಯಾಗ ಕುರಿ ಯಾವಾಗ ಬಂತಬೇ ಯವ್ವಾ?"

"ಒಂದೈತಿ. ದೇವರಿಗೆ ಬಿಟ್ಟಿದ್ವಿ."

"ದೇವರಿಗೆ ಬಿಟ್ಟದ್ದಕ್ಕ ಕತ್ತರಿ ಹಾಕಬಾರ್ದಲ್ಲ?"

"ಹೌದಪ್ಪ, ಹಾಕಬಾರ್ದು," ಎಂದಳು ಆಯಿ. "ಕೊಡ ಇಲ್ಲಿ."

ಮನೆಗೆ ಬಂದು ಅತ್ತಿಯನ್ನು ಅಂಗಳದಲ್ಲಿ, ಪೂರ್ವಕ್ಕೆ ಮುಖ ಮಾಡಿ ಕೂಡಿಸಿದಳು. ಕತ್ತರಿಗೆ ಭಂಡಾರ ಹಚ್ಚಿ, ಆಕಾಶಕ್ಕೆ ಮುಖವೆತ್ತಿ, ಜಗಳಕ್ಕೆ ನಿಂತವರ ದನಿಯಲ್ಲಿ ಆಯಿ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: "ಯವ್ವಾ, ಕತ್ತರಿ ನನ್ನ ಕೈಯಾಗೈತಿ. ಹುಡುಗಿ ಕೈಯಾಗಿಲ್ಲ. ಚಲೋತ್ನ್ಯಾಗ ನೋಡ್ಕೋ." ಒಣಗಿದ ಬಾರುಕೋಲಿನ ತೊಗಲನ್ನು ಕತ್ತರಿಸಿದಂಥ ಸದ್ದಾಯಿತು. ಜಡೆ ನೆಲಕ್ಕೆ ಬಿತ್ತು. ಅತ್ತಿ ಎರಡೂ ಕೈಗಳಿಂದ ತಲೆಯನ್ನು ಹಿಡಿದುಕೊಂಡು, ಅದು ಇದ್ದಲ್ಲಿಯೇ ಇದೆಯೆಂದು ಖಚಿತವಾದ ಮೇಲೆ, ಬಿಕ್ಕಿಬಿಕ್ಕಿ ಅತ್ತಳು. ಸಂಜೆ ಕೆಲಸದಿಂದ ಮರಳಿದ ಕಾಕಾ ಆ ಜಡೆಯನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಡೋಣಿ ಹೊಳೆಗೆ ಬಿಟ್ಟು ಬಂದ. ಹುಣ್ಣಿಮೆ ಬಂತು, ಹೋಯಿತು. ನಾವು ಗುಡ್ಡಕ್ಕೆ ಹೋಗಲಿಲ್ಲ.

ಅತ್ತಿ ಮುಂದೆ ವಿಜಯಪುರದಲ್ಲಿ ಪಿಯುಸಿ ಓದಿದಳು. ಬಬಲೇಶ್ವರಕ್ಕೆ ಮದುವೆಯಾಗಿ ಹೋದಳು. ಅಲ್ಲಿನ ಅಂಗನವಾಡಿಯಲ್ಲಿ ಈಗಲೂ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾಳೆ. ಆದರೆ ಆಯಿಯ ಕಣ್ಣುಗಳಲ್ಲಿ ಹಲವು ವರ್ಷಗಳ ಅನಂತರ ಪೊರೆ ಬೆಳೆಯತೊಡಗಿತು. ಓಣಿಯವರು ಕತ್ತರಿಯನ್ನು ನೆನಪಿಸಿಕೊಂಡು ತಾಯಿಯ ಶಾಪವೆಂದರು. ನಾನು ಆಗಷ್ಟೇ ಪದವಿ ಮುಗಿಸಿದ್ದೆ, ನಮ್ಮ ವಂಶದಲ್ಲಿ ಮೊದಲಿಗಳಾಗಿ. ಪೊರೆಯೆಂದರೇನು, ಶಸ್ತ್ರಚಿಕಿತ್ಸೆ ಎಷ್ಟು ಸುಲಭ ಎಂಬುದನ್ನು ಶುದ್ಧವಾದ ವಾಕ್ಯಗಳಲ್ಲಿ ವಿವರಿಸಿದೆ. ಅತ್ತಿ ಕಾಲು ಹಿಡಿದು ಬೇಡಿಕೊಂಡಳು. ಆಯಿ ನಗುತ್ತ ಒಲ್ಲೆನೆಂದು ತಲೆಯಾಡಿಸಿದಳು. "ತಾಯಿ ನನ್ನ ಮಾತ ಕೇಳ್ಯಾಳ. ಹುಡುಗೀನ ಬಿಟ್ಟು ನನ್ನ ಕಡೆ ತಗೊಂಡಾಳ. ಕೊಟ್ಟದ್ದನ್ನ ಹೊಳ್ಳಿ ಕಸಗೋಬಾರ್ದು, ತಂಗಿ." ಅವಳ ಪಾಲಿಗೆ ಅದು ರೋಗವೂ ಅಲ್ಲ, ಶಾಪವೂ ಅಲ್ಲ, ಒಪ್ಪಂದ. ಸಿನಿಮಾದ ಆ ಯುವಕ ಢಾಲಿನ ಮರೆಯಲ್ಲಿ ನೋಡಿದ್ದ. ಆಯಿ ನೇರವಾಗಿ ನೋಡಿದ್ದಳು.

ಪೂರ್ಣ ಕುರುಡಾದ ಮೇಲೆ ಅವಳಿಗೆ ಒಂದು ಅಭ್ಯಾಸ ಬಂದಿತು. ಅತ್ತಿ ಬಬಲೇಶ್ವರದಿಂದ ಬಂದಾಗಲೆಲ್ಲ ಮುಂದೆ ಕೂಡಿಸಿಕೊಂಡು, ಹೆರಳು ಬಿಚ್ಚಿ, ನೆತ್ತಿಯಿಂದ ತುದಿಯವರೆಗೆ ಬೆರಳಾಡಿಸುತ್ತಿದ್ದಳು, ಎಲ್ಲಿಯಾದರೂ ತಡೆಯುತ್ತದೆಯೋ ಎಂದು. ತಡೆಯುತ್ತಿರಲಿಲ್ಲ. ಆಗ ಅವಳ ಮುಖದ ಮೇಲೆ ಮೂಡುತ್ತಿದ್ದ ಬೆಳಕನ್ನು ಅವಳೊಬ್ಬಳು ಮಾತ್ರ ಕಾಣುತ್ತಿರಲಿಲ್ಲ.

ಆಯಿ ಹೋದ ಮರುವರ್ಷ ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕಿದರು. ಬೆಳಕಿಂಡಿ ಇದ್ದ ಜಾಗದಲ್ಲಿ ಈಗ ಫ್ಯಾನಿನ ಕೊಕ್ಕೆ ಇದೆ. ಕಾಕಾ ಗ್ಯಾರೇಜು ಬಿಟ್ಟಿದ್ದಾನೆ. ವೆಲ್ಡಿಂಗಿನ ಕಿಡಿ ಅವನ ಕಣ್ಣನ್ನೂ ಮಂಕಾಗಿಸಿದೆ. ಕಳೆದ ತಿಂಗಳು ಬಬಲೇಶ್ವರಕ್ಕೆ ಹೋಗಿದ್ದೆ. ಸಂಜೆಯ ಬಿಸಿಲಿನಲ್ಲಿ ಅತ್ತಿ ಹೊಸ್ತಿಲ ಮೇಲೆ ಕುಳಿತು ತಲೆ ಒಣಗಿಸಿಕೊಳ್ಳುತ್ತಿದ್ದಳು. ಅರ್ಧದಷ್ಟು ಬೆಳ್ಳಗಾಗಿತ್ತು. ನಾನು ಹಿಂದೆ ಬಂದು ಕುಳಿತದ್ದನ್ನು ಅರಿತು, ತಿರುಗಿ ನೋಡದೆ, "ಎಲ್ಯರ ಗಂಟ ಅದ ಏನ ನೋಡವಾ" ಎಂದಳು.

ಗಂಟಿಲ್ಲವೆಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ನೆತ್ತಿಯ ಮೇಲೆ ಬೆರಳುಗಳನ್ನಿಟ್ಟೆ. ಅವು ಎಲ್ಲಿಯೂ ನಿಲ್ಲದೆ, ನಿಧಾನವಾಗಿ, ತುದಿಯವರೆಗೆ ಇಳಿದವು.